ಗಾಡಿಯೇ ಪೆನ್ಷನ್ ಎಂದ ಅಪ್ಪ

ಬೆಳಿಗ್ಗೆ ಅಪ್ಪನ ವ್ಯಾನು ನಮ್ಮ ಬೀದಿಯ ತಿರುವು ದಾಟಿದ ಮೇಲೂ ನಾನು ಗೇಟಿನ ಹತ್ತಿರವೇ ನಿಂತಿರುತ್ತೇನೆ. ಒಲೆಯ ಮೇಲೆ ಹಾಲು ಉಕ್ಕಲಿ, ಆಫೀಸಿಗೆ ಹೊತ್ತಾಗಲಿ, ಕಾಲು ಏಳುವುದಿಲ್ಲ. ವ್ಯಾನಿನ ತುಂಬ ಶಾಲೆಯ ಮಕ್ಕಳು. ಅದರಲ್ಲಿ ಒಬ್ಬಳು ನನ್ನ ಮಗಳು, ಯುಕೆಜಿ. ಸ್ಟೀರಿಂಗ್ ಹಿಡಿದವರು ನನ್ನ ಅಪ್ಪ, ವಯಸ್ಸು ಅರವತ್ತೇಳು. ಮಕ್ಕಳು ತಲುಪಿದರು ಎಂದು ಶಾಲೆಯಿಂದ ಮೆಸೇಜು ಬರುವವರೆಗೆ ನನಗೆ ಉಸಿರು ನೆಟ್ಟಗೆ ಆಡುವುದಿಲ್ಲ.

“ತಾತನೇ ಡ್ರೈವರ್, ನಿಮಗೇನು ಬಿಡಿ, ನಿಶ್ಚಿಂತೆ” ಎನ್ನುತ್ತಾರೆ ಪಕ್ಕದ ಮನೆಯಾಕೆ. ಅವರ ಮಗನೂ ಅದೇ ವ್ಯಾನಿನಲ್ಲಿ ಹೋಗುತ್ತಾನೆ. ನಾನು ನಗುತ್ತೇನೆ. ಹಾಗೆ ನಕ್ಕದ್ದಕ್ಕೆ ನನ್ನ ಕೆನ್ನೆಗೆ ನಾನೇ ಒಂದು ಬಾರಿಸಬೇಕೆನಿಸುತ್ತದೆ.

ಅಪ್ಪ ಬೇರೆಯವರ ಲಾರಿ ಓಡಿಸಿ ಓಡಿಸಿ ಸಾಕಾಗಿ, ನಾನು ಹುಟ್ಟಿದ ವರ್ಷ ಸ್ವಂತ ವ್ಯಾನು ಕೊಂಡವರು. ಅಂದಿನಿಂದ ಒಂದೇ ಮಂತ್ರ: “ಈ ಗಾಡಿನೇ ನನ್ನ ಪೆನ್ಷನ್. ಕೈಲಾಗದ ದಿನ ಮಾರ್ತೀನಿ, ಕಾಲು ಚಾಚ್ಕೊಂಡು ಕೂರ್ತೀನಿ.” ಈಗಿನ ವ್ಯಾನು ಮೂರನೆಯದು, ಮಂತ್ರ ಮಾತ್ರ ಹಳೆಯದೇ. ಹಾಗೆಂದು ನಂಬಿ, ಕೈಗೆ ಬಂದದ್ದನ್ನೆಲ್ಲ ಅದರ ಬಾಯಿಗೇ ಸುರಿದರು. ಹೊಸ ಸೀಟು, ಹೊಸ ಬಣ್ಣ, ಎರಡು ವರ್ಷಕ್ಕೊಮ್ಮೆ ಇಂಜಿನ್ ಬಿಚ್ಚಿ ಕಟ್ಟಿಸುವುದು. ಅಮ್ಮ ತಿಂಗಳು ತಿಂಗಳು ಬ್ಯಾಂಕಿಗೆ ಕಟ್ಟುತ್ತಿದ್ದ ಆರ್‌ಡಿಯನ್ನೂ ಮುರಿಸಿ ನಾಲ್ಕು ಟೈರು ಹಾಕಿಸಿದರು. “ಎಲ್ಲೂ ಹೋಗ್ಲಿಲ್ವಲ್ಲ, ಅಲ್ಲಿದ್ದದ್ದು ಇಲ್ಲಿಗೆ ಬಂತು ಅಷ್ಟೇ” ಎಂದರು. ಟೈರು ಸವೆಯುತ್ತದೆ ಎಂದು ಅಮ್ಮ ಹೇಳಿದರು. ಅಮ್ಮನ ಮಾತು ಆ ಮನೆಯಲ್ಲಿ ಯಾರು ಕೇಳಬೇಕು? ಈಗ ಹೇಳಲು ಅಮ್ಮನೂ ಇಲ್ಲ.

ಒಮ್ಮೆ ವ್ಯಾನ್ ಸ್ಟ್ಯಾಂಡಿಗೆ ಬ್ಯಾಂಕಿನವನೊಬ್ಬ ಬಂದು, ತಿಂಗಳಿಗೆ ಇಷ್ಟು ಕಟ್ಟಿದರೆ ಅರವತ್ತಾದ ಮೇಲೆ ಪಿಂಚಣಿ ಎಂದು ವಿವರಿಸಿದನಂತೆ. “ಅರವತ್ತರ ತನಕ ನಾವು ಇರ್ತೀವಿ ಅಂತ ನೀನು ಬರ್ಕೊಡ್ತೀಯಾ?” ಎಂದು ಅಪ್ಪ ಕೇಳಿದ್ದಕ್ಕೆ ಇಡೀ ಸ್ಟ್ಯಾಂಡು ಬಿದ್ದು ಬಿದ್ದು ನಕ್ಕಿತಂತೆ. ಕಟ್ಟಿದವನು ಒಬ್ಬನೇ. ಅವನಿಗೆ ಅಂದೇ ‘ಜಿಪುಣ’ ಎಂದು ಹೆಸರಿಟ್ಟರು. ಆ ಜಿಪುಣ ಮೊಣಕಾಲು ನೋವು ಶುರುವಾದ ತಿಂಗಳೇ ಗಾಡಿ ಓಡಿಸುವುದನ್ನು ಬಿಟ್ಟ. ಅಷ್ಟೇ, ಬಿಟ್ಟ. ಬಿಡಲು ಸಾಧ್ಯವಾಗುವುದೇ ಎಷ್ಟು ದೊಡ್ಡ ಸಂಗತಿ ಎಂದು ನನಗೆ ತಿಳಿದದ್ದು ಈ ವರ್ಷ.

ಯಾಕೆಂದರೆ ಅಪ್ಪನ ಕಣ್ಣು ಹೋಗುತ್ತಿದೆ. ತೆಗೆಸಿದರೆ ಸರಿಹೋಗಲು ಅದು ಪೊರೆಯಲ್ಲ. ಕಣ್ಣಿನ ಹಿಂದಿನ ಪರದೆಯೇ ಸವೆದಿದೆ. ನೇರ ನೋಡಿದಲ್ಲೆಲ್ಲ ನಡುವೆ ಮಸಿ ಬಳಿದಂತೆ ಕಾಣುತ್ತದಂತೆ. ಗಾಡಿ ಮುಟ್ಟಲೇಬೇಡಿ ಎಂದರು ಡಾಕ್ಟರು. ಅಂದು ಸಂಜೆಯೇ ಅಪ್ಪ ನನ್ನನ್ನು ಕರೆದುಕೊಂಡು ಹಳೇ ಗಾಡಿ ವ್ಯಾಪಾರಿಯ ಬಳಿ ಹೋದರು. ಅವನು ವ್ಯಾನಿಗೆ ಒಂದು ಸುತ್ತು ಬಂದು, ಬಾಗಿಲು ಬಡಿದು ನೋಡಿದ.

“ಯಜಮಾನ್ರೇ, ಇದ್ರಲ್ಲಿ ಕೂತ್ಕೊಂಡು ಬಂದ್ರಾ, ತಳ್ಕೊಂಡು ಬಂದ್ರಾ?”

“ಮೊದ್ಲು ಇಂಜಿನ್ ಸೌಂಡ್ ಕೇಳಯ್ಯ.”

“ಸೌಂಡ್ ಇಟ್ಕೊಂಡು ನಾನೇನ್ ಮಾಡ್ಲಿ? ತೂಕಕ್ಕೆ ಹಾಕೋದಾದ್ರೆ ರೇಟು ಹೇಳ್ತೀನಿ.”

ಅವನು ಹೇಳಿದ ಮೊತ್ತ ಅಪ್ಪನ ಬಾಡಿಗೆ ಕೋಣೆಗೆ ಆರು ತಿಂಗಳಿಗೂ ಸಾಲದು. ಒಂದು ಜೀವಮಾನದ ಪೆನ್ಷನ್ ಅದು. ಅಪ್ಪ ಗಾಡಿ ತಿರುಗಿಸಿದರು. ಮರುದಿನ ಎಂದಿನಂತೆ ಮಕ್ಕಳನ್ನು ಹತ್ತಿಸಿಕೊಂಡರು.

“ಡಾಕ್ಟರು ಏನಂದ್ರು ಅಪ್ಪ?”

“ಆ ದಾರಿ ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು ಕಣೇ.”

“ಮುಚ್ಕೊಂಡೇ ಓಡಿಸ್ತಿದೀಯ, ಅದನ್ನೇ ನಾನೂ ಹೇಳ್ತಿರೋದು. ಸುಮ್ನೆ ನಮ್ಮನೆಗೆ ಬಂದಿರು.”

“ಬಂದು? ಅಳಿಯನ ಹತ್ರ ಟೀ ಕಾಸಿಗೆ ಕೈ ಒಡ್ಡೋದಾ? ಒಂದು ವರ್ಷ ತಡಿ. ಒಂದೇ ವರ್ಷ.”

ಒಂದು ವರ್ಷದಲ್ಲಿ ಏನು ಉದುರುತ್ತದೋ ಅವರಿಗೇ ಗೊತ್ತು. ಶಾಲೆಗೆ ಹೇಳಿಬಿಡುತ್ತೇನೆ ಎಂದರೆ ನನ್ನ ಗಂಡ ಅಡ್ಡ ಬಂದರು. “ಹೆತ್ತ ಅಪ್ಪನ ಹೊಟ್ಟೆ ಮೇಲೆ ಹೊಡೀತೀಯಾ?” ಸರಿ, ಅದು ಬಿಡಿ, ನಮ್ಮ ಮುದಿತನಕ್ಕಾದರೂ ಈಗಿಂದಲೇ ಏನಾದರೂ ಎತ್ತಿಡೋಣ ಎಂದೆ. “ಮೂವತ್ತೈದಕ್ಕೇ ಮುದುಕರ ಲೆಕ್ಕ ಯಾಕೆ?” ಎಂದು ಫೋನಿನಲ್ಲಿ ಹೊಸ ಕಾರಿನ ಫೋಟೋ ತೋರಿಸಿದರು, ಸಾಲಕ್ಕೂ ವಿಚಾರಿಸಿದ್ದಾರಂತೆ. ನಾಲ್ಕು ಚಕ್ರ ಕಂಡರೆ ಈ ಗಂಡಸರ ತಲೆ ಎಲ್ಲಿ ಹೋಗುತ್ತದೋ. ಆ ಫೋನನ್ನು ಎತ್ತಿ ಬಿಸಾಡಬೇಕೆನಿಸಿತು. ಆದರೂ ಅಪ್ಪನ ಹೊಟ್ಟೆಯ ಮಾತು ಬಂದಿತಲ್ಲ, ಶಾಲೆಗೆ ಹೇಳಲಿಲ್ಲ; ನನ್ನ ಮಗಳನ್ನು ಮಾತ್ರ ಇಳಿಸಿಕೊಂಡರೆ ಬೀದಿಯೆಲ್ಲ ಯಾಕೆಂದು ಕೇಳುತ್ತದೆಂದು ಅವಳನ್ನೂ ಹತ್ತಿಸುತ್ತ ಬಂದೆ.

ಇವತ್ತು ಸಂಜೆ ಮಗಳು ಶೂ ಬಿಚ್ಚುತ್ತ, “ಅಮ್ಮ, ನಂಗೆ ದಿನಾ ಮುಂದಿನ ಸೀಟು. ತಾತಂಗೆ ಸಿಗ್ನಲ್ ಹೇಳೋದು ನಾನೇ” ಎಂದಳು.

“ಏನು ಹೇಳೋದು?”

“ಕೆಂಪಾ, ಹಸಿರಾ ಅಂತ. ಸರಿ ಹೇಳಿದ್ರೆ ಪೆಪ್ಪರ್‌ಮೆಂಟು. ನಿನ್ನೆ ಕಿಟಕಿ ನೋಡ್ತಾ ತಪ್ಪು ಹೇಳ್ಬಿಟ್ಟೆ, ಅಷ್ಟು ದೊಡ್ಡ ಬಸ್ಸು ಪೋಂ ಅಂತ ಹತ್ರ ಬಂತು. ನಿಂಗೆ ಹೇಳ್ಬಾರ್ದಂತೆ.”

ನನ್ನ ಮೈಯೆಲ್ಲ ಉರಿದುಹೋಯಿತು. ಐದು ವರ್ಷದ ಕೂಸಿನ ಕಣ್ಣನ್ನು ಎರವಲು ತೆಗೆದುಕೊಂಡು ಅಷ್ಟೂ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಈ ಮನುಷ್ಯ ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಕೆಟ್ಟವರಲ್ಲ. ದುಡಿಯುವ ಕಾಲದಲ್ಲಿ ನಾಳೆಗೆಂದು ಏನನ್ನೂ ಎತ್ತಿಡಲಿಲ್ಲ, ಆದ್ದರಿಂದ ನಿಲ್ಲುವ ಕಾಲದಲ್ಲಿ ನಿಲ್ಲಲು ಗತಿಯಿಲ್ಲ. ಅದರ ಬೆಲೆ ತೆರಲು ನನ್ನ ಮಗಳು ಮುಂದಿನ ಸೀಟಿನಲ್ಲಿ ಕೂರಬೇಕು.

ಮಗಳನ್ನು ಇಳಿಸಲು ಬಂದಿದ್ದ ಅಪ್ಪ ಇನ್ನೂ ನಮ್ಮ ಅಂಗಳದಲ್ಲೇ ವ್ಯಾನಿನ ಗಾಜು ಒರೆಸುತ್ತಿದ್ದರು. ನಾನು ಅವರಿಗೆ ಕೇಳಿಸುವಂತೆಯೇ ಬಾಗಿಲಲ್ಲಿ ನಿಂತು ಶಾಲೆಯ ಆಫೀಸಿಗೆ ಫೋನು ಮಾಡಿದೆ.

“ನಿಮ್ಮ ಶಾಲೆಗೆ ಬರೋ ಹಳದಿ ವ್ಯಾನಿನ ಡ್ರೈವರ್‌ಗೆ ಕಣ್ಣು ಕಾಣ್ಸಲ್ಲ. ನಾಳೆಯಿಂದ ಅವರ ಜೊತೆ ಯಾವ ಮಗುನೂ ಕಳಿಸ್ಬೇಡಿ. ಎಲ್ಲಾ ಮನೆಗೂ ಇವತ್ತೇ ಹೇಳ್ಬಿಡಿ.”

ಅಪ್ಪನ ಕೈ ನಿಂತಿತು. ನನ್ನ ಕಡೆ ತಿರುಗಿದರು. ನನ್ನನ್ನು ಕಾಣಬೇಕಾದರೆ ಅವರೀಗ ನನ್ನ ಪಕ್ಕದ ಗೋಡೆಯನ್ನು ನೋಡಬೇಕು. ಗೋಡೆಯನ್ನೇ ನೋಡಿದರು.

“ಯಾರು ಮಾತಾಡ್ತಿರೋದು? ಯಾವ ಮಗುವಿನ ತಾಯಿ?” ಎಂದು ಆ ಕಡೆಯಿಂದ ಕೇಳಿದರು.

“ಡ್ರೈವರ್ ಮಗಳು” ಎಂದೆ.