ಒನ್ಸ್ ಮೋರ್ ಅಂದ ತಪ್ಪಿಗೆ

ಹನ್ನೊಂದು ಹುಡುಗರು ನನ್ನ ಜೊತೆ ಮಾತು ಬಿಟ್ಟು ಇವತ್ತಿಗೆ ಎಂಟು ದಿನ. ನಾನು ಮಾಡಿದ ತಪ್ಪು ಇಷ್ಟೇ: ಅವರನ್ನು ಹೊಗಳಿದೆ.

ಅಣಕಿಸಿದ್ದಕ್ಕೆ ಮಾತು ಬಿಟ್ಟವರನ್ನು ಕಂಡಿದ್ದೇನೆ. (ನನ್ನ ಸೋದರಮಾವ ಬಿಟ್ಟು ಎರಡು ವರ್ಷವಾಯಿತು. ಒಂದು ಮದುವೆಯ ಪಂಕ್ತಿಯಲ್ಲಿ ಅವರ ಕೆಮ್ಮನ್ನು ಅವರ ಎದುರಿಗೇ ಕೆಮ್ಮಿದ್ದೆ.) ಆದರೆ ಹೊಗಳಿದ್ದಕ್ಕೆ?

ಪ್ರತಿ ವಾರ ಈ ಅಂಕಣ ಓದುವ ನಿಮಗೆ ನನ್ನ ರೋಗ ಗೊತ್ತು. ಯಾರನ್ನು ಕಂಡರೂ ಅವರ ಧ್ವನಿ ನನ್ನ ಗಂಟಲಿಗೆ ಅಂಟಿಕೊಳ್ಳುತ್ತದೆ. ಯಾದಗಿರಿಯ ಹತ್ತಿ ಗಿರಣಿಯಲ್ಲಿ ಚೀಟಿ ಬರೆಯುವುದು ನನ್ನ ನೌಕರಿ. ಮಾಲೀಕರು ಇಲ್ಲದಾಗ ಮಾಲೀಕರಾಗುವುದು ನನ್ನ ಕಸುಬು. ಸ್ಟೇಶನ್ನಿನ ಟಿಕೆಟ್ ಬಾಬು, ಶಹಾಪುರ ಬಸ್ಸಿನ ಕಂಡಕ್ಟರ್, ಕನ್ನಡಿಗರೆಲ್ಲ ಒಂದೇ ಪ್ರಾಂತ ಆಗಬೇಕೆಂದು ಈಚೆಗೆ ಊರೂರಿಗೆ ಬಂದು ಗುಡುಗುವ ಭಾಷಣಕಾರರು, ಎಲ್ಲರೂ ನನ್ನ ಹೊಟ್ಟೆಯಲ್ಲಿದ್ದಾರೆ. ಯಾರೂ ಸಿಗದಿದ್ದರೆ ಕನ್ನಡಿಯ ಮುಂದೆ ನಿಂತು ನನ್ನನ್ನೇ ಅಣಕಿಸುತ್ತೇನೆ. ಅದು ಎಲ್ಲಕ್ಕಿಂತ ಸುಲಭ. ಕಾಲು ಒಂದು ಕಡೆ ನಿಲ್ಲಬಾರದು, ಬಾಯಿ ಮುಚ್ಚಬಾರದು. ಅಷ್ಟೇ.

ಇಂಥ ಬಾಯಿ ಮೊದಲ ಸಲ ಸೋತದ್ದು ಭೀಮಾ ನದಿಯ ದಂಡೆಯ ಮೇಲೆ.

ಅವತ್ತು ಸಂಜೆ ಸುಮ್ಮನೆ ಅಡ್ಡಾಡುತ್ತ ಹೋಗಿದ್ದೆ. ಒಣಗಲೆಂದು ಮಗುಚಿಟ್ಟ ಹರಿಗೋಲುಗಳ ನಡುವೆ ಹನ್ನೊಂದು ಹುಡುಗರು ಸಾಲಾಗಿ ನಿಂತಿದ್ದರು. ಮೀನು ಹಿಡಿಯುವವರ, ಹರಿಗೋಲು ಹಾಕುವವರ ಮಕ್ಕಳು. ಎದುರಿಗೆ ಅವರ ಶಾಲೆಯ ಭೀಮರಾಯ ಮಾಸ್ತರರು. ಕೈಯಲ್ಲಿ ಬೆತ್ತ. ‘ಪಾಪ, ಹೊಡೆತ ಬೀಳುತ್ತದೆ’ ಅಂದುಕೊಂಡೆ. ಬೆತ್ತ ಬಿದ್ದದ್ದು ಹರಿಗೋಲಿನ ತೊಗಲಿನ ಮೇಲೆ. ಧಿಂ ಅಂತು. ಹುಡುಗರು ಹಾಡಿದರು.

‘ಆಚಿ ದಂಡಿ ಕೂಗತೈತಿ, ಈಚಿ ದಂಡಿ ಓಗೊಡತೈತಿ…’

ಮಾಸ್ತರರೇ ಕಟ್ಟಿದ ಹಾಡು. ಮೂರು ನುಡಿ. ಮೂರನೆಯ ನುಡಿಯನ್ನು ಸಾಬಣ್ಣ ಎಂಬ ಹನ್ನೆರಡು ವರ್ಷದ ಪೋರ ಒಬ್ಬನೇ ಎತ್ತುತ್ತಾನೆ. ಅವನ ಧ್ವನಿ ಮೇಲೆ ಹೋಗಿ ಇನ್ನೇನು ಒಂಟಿಯಾಗಿ ನಡುಗಬೇಕು, ಅಷ್ಟರಲ್ಲಿ ಕೆಳಗಿನಿಂದ ಹತ್ತು ಧ್ವನಿಗಳು ಬಂದು ಅದನ್ನು ಹೊತ್ತುಕೊಳ್ಳುತ್ತವೆ. ನನ್ನ ಕಾಲು ನಿಂತುಬಿಟ್ಟವು. (ನನ್ನ ಕಾಲು! ನೀವು ನಂಬುತ್ತೀರಾ?)

ಮನೆಗೆ ಬಂದವನೇ ಹಾಡಿ ನೋಡಿದೆ. ಸಾಬಣ್ಣ ಬಂದ. ಅವನ ಕೆಳಗಿನ ಹತ್ತು ಜನ ಬರಲಿಲ್ಲ. ಗಂಟಲು ಹಿಗ್ಗಿಸಿದೆ, ಹೊಟ್ಟೆ ಒತ್ತಿದೆ, ಮೂಗು ಹಿಡಿದೆ. ಒಳಗಿನಿಂದ ಅವ್ವ ಓಡಿ ಬಂದಳು.

“ಯಾಕೋ ಯಪ್ಪಾ, ಹೊಟ್ಟಿ ಹಿಡದೈತೇನು? ಓಂಕಾಳ ಕುಡಿಸ್ಲ್ಯಾ?”

ಒಂದು ಬಾಯಿಂದ ಹನ್ನೊಂದು ಜನ ಆಗುವುದಿಲ್ಲ. ತೆಗೆಯಲು ಆಗದ ಧ್ವನಿಗೆ ಭಕ್ತನಾಗುವುದೊಂದೇ ದಾರಿ. ಆದೆ.

ಆಮೇಲೆ ಅವರು ಹೋದಲ್ಲಿ ನಾನು. ರಾಮಸಮುದ್ರದಲ್ಲಿ ಒಂದು ನಾಮಕರಣ, ಶಹಾಪುರದಲ್ಲಿ ಒಂದು ಪ್ರಾಂತದ ಸಭೆ. ಎಲ್ಲಿದ್ದರೂ ಮುಂದಿನ ಸಾಲಿನಲ್ಲಿ ಗಿರಣಿಯ ಹತ್ತಿ ಮೆತ್ತಿದ ಈ ತಲೆ. “ಮದ್ವಿ ಮಾಡ್ಕೊಳ್ಳೂ ವಯಸ್ನ್ಯಾಗ ಸಾಲಿ ಹುಡುಗ್ರ ಬೆನ್ನ ಹತ್ತ್ಯಾನ ನೋಡವ್ವಾ” ಎಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. (ಅವ್ವನ ಧ್ವನಿಯಲ್ಲಿ ಇದನ್ನೇ ನಾನು ಇನ್ನೂ ಚೆನ್ನಾಗಿ ಹೇಳುತ್ತೇನೆ.)

ಮುಂದಿನ ಸಾಲಿನಲ್ಲಿ ಕೂತವನ ಕೆಲಸ ಏನು? ‘ಒನ್ಸ್ ಮೋರ್’ ಅನ್ನುವುದು. ನಾಟಕ ಕಂಪನಿಗಳು ನಮಗೆ ಕಲಿಸಿದ ಒಂದೇ ಇಂಗ್ಲಿಷ್ ಅದು. ಜನ ಒನ್ಸ್ ಮೋರ್ ಅಂದರೆ ಸತ್ತು ಬಿದ್ದ ರಾಜನೂ ಎದ್ದು ಧೂಳು ಕೊಡವಿ, ಮತ್ತೆ ಹಾಡಿ, ಮತ್ತೆ ಸಾಯಬೇಕು. ಭೀಮರಾಯ ಮಾಸ್ತರರೂ ಆ ನಾಟಕಗಳ ಹುಚ್ಚಿನಲ್ಲೇ ಬೆಳೆದವರು. ಹುಡುಗರಿಗೆ ಅವರು ಹಾಕಿಕೊಟ್ಟ ನಿಯಮ ಒಂದೇ: “ಕೇಳವ್ರು ಬೇಡಿದ್ರ ಇಲ್ಲ ಅನಬ್ಯಾಡ್ರಿ. ಅದು ಅದಬ್ ಅಲ್ಲ, ಮರ್ಯಾದಿ ಅಲ್ಲ.” ಒನ್ಸ್ ಮೋರ್ ಬಂದರೆ ಆ ಸಾಲನ್ನು ಮತ್ತೆ ಹಾಡಲೇಬೇಕು. ನಾನು ಅನ್ನುವುದು, ಅವರು ಹಾಡುವುದು. ಇಬ್ಬರಿಗೂ ಖುಷಿ.

ಖುಷಿ ಇಲ್ಲದವರು ಮಾಸ್ತರರೊಬ್ಬರೇ. ಕಾರಣ ಕೇಳಿ.

ಅವರ ಮನೆಮಾತು ಕನ್ನಡ. ಕಲಿತದ್ದು, ಕಲಿಸಿದ್ದು ಪೂರಾ ಉರ್ದು. ನಿಜಾಮರ ಕಾಲದಲ್ಲಿ ನಾವೆಲ್ಲ ಹಾಗೆಯೇ ತಾನೇ? ಮನೆಯಲ್ಲಿ ಒಂದು, ಸ್ಲೇಟಿನಲ್ಲಿ ಇನ್ನೊಂದು. (ನನ್ನ ಕನ್ನಡವೂ ಕಿರಾಣಿ ಅಂಗಡಿಯ ಬೋರ್ಡು ಓದಿ ಕಲಿತದ್ದು. ಉಳಿದದ್ದನ್ನು ಸಂಪಾದಕರು ತಿದ್ದುತ್ತಾರೆ.) ಮಾಸ್ತರರು ತಮ್ಮ ಕನ್ನಡ ಹಾಡನ್ನೇ ಉರ್ದು ಅಕ್ಷರದಲ್ಲಿ, ಬಲದಿಂದ ಎಡಕ್ಕೆ ಬರೆದಿಟ್ಟುಕೊಂಡಿದ್ದರು. ಈಗ ಶಾಲೆ ಕನ್ನಡವಾಯಿತು. ಕನ್ನಡ ಬರೆದು ಕಲಿಸಬಲ್ಲೆನೆಂದು ತೋರಿಸದ ಮಾಸ್ತರರನ್ನು ಮನೆಗೆ ಕಳಿಸುತ್ತೇವೆಂದು ಇನ್ಸ್‌ಪೆಕ್ಟರ್ ಸಾಹೇಬರ ಹುಕುಂ ಬಂತು. ನಲವತ್ತೈದರ ವಯಸ್ಸು. ಬೇರೆ ಕಸುಬು ಗೊತ್ತಿಲ್ಲ. ಮಠದ ಅಯ್ಯನವರಲ್ಲಿ ಕನ್ನಡ ಅಕ್ಷರ ಕಲಿತಿದ್ದ ಸಾಬಣ್ಣನೇ ದಿನಾ ಸಂಜೆ ದಂಡೆಯ ಮರಳಿನ ಮೇಲೆ ಅವರ ಬೆರಳು ಹಿಡಿದು ಅಕ್ಷರ ತಿದ್ದಿಸತೊಡಗಿದ.

ಪರೀಕ್ಷೆ ಸುರಪುರದ ಶಾಲೆಯ ಅಂಗಳದಲ್ಲಿ. ಒಬ್ಬೊಬ್ಬ ಮಾಸ್ತರರಿಗೆ, ಅವರ ಹುಡುಗರಿಗೆ ಹತ್ತೇ ನಿಮಿಷ. ನಮ್ಮವರ ಯೋಜನೆ ಹೀಗಿತ್ತು: ಎರಡು ನುಡಿ ಹಾಡುವುದು; ಮೂರನೆಯ ನುಡಿಯನ್ನು ಹುಡುಗರು ಹಾಡುತ್ತಿರುವಾಗ ಮಾಸ್ತರರು ಅದನ್ನು ಹಲಗೆಯ ಮೇಲೆ ಕನ್ನಡದಲ್ಲಿ ಬರೆಯುವುದು.

ಬಸ್ಸಿನಲ್ಲೇ ಸಾಬಣ್ಣ ನನ್ನ ಅಂಗಿ ಜಗ್ಗಿದ. “ಅಣ್ಣಾ, ಇವತ್ತೊಂದಿನ ಬಾಯಿ ಮುಚ್ಕೊಂಡು ಕೂಡ್ರಿ. ಹತ್ತ ನಿಮಿಷ ಅಷ್ಟ ಐತಿ.”

“ಆಣಿ ಮಾಡ್ತೀನಿ ಬಿಡೋ.”

“ನಿಮ್ಮ ಧ್ವನಿಲೆ ಮಾಡ್ರಿ. ಕಂಡಕ್ಟರ್ ಧ್ವನಿಲೆ ಬ್ಯಾಡ.”

ಮಾಡಿದೆ.

ಇನ್ಸ್‌ಪೆಕ್ಟರ್ ಸಾಹೇಬರು ಧಾರವಾಡದ ಕಡೆಯವರು. ಜೇಬಿನಿಂದ ಗಡಿಯಾರ ತೆಗೆದು ಕಣ್ಣಿಗೆ ಹಿಡಿದು, “ನೋಡ್ರಿ ಮಾಸ್ತರ, ವ್ಯಾಳ್ಯಾ ಅಂದ್ರ ವ್ಯಾಳ್ಯಾ” ಅನ್ನುವವರು. ಬೆಳಗ್ಗೆ ಬಾವಿಕಟ್ಟೆಯ ಹತ್ತಿರ ಹೆದರಿ ನಿಂತಿದ್ದ ನಾಲ್ಕಾರು ಮಾಸ್ತರರಿಗೆ ಅದನ್ನು ಮಾಡಿ ತೋರಿಸಿದೆ. ಸಾಹೇಬರ ಜವಾನನೇ ನಕ್ಕು ನಕ್ಕು ಕೊಡ ಕೆಳಗೆ ಹಾಕಿದ.

ನಮ್ಮವರ ಸರದಿ ಬಂತು. ಅದಕ್ಕೂ ಮೊದಲು ಹಾಡಿದವರು ಎಂಥವರೆಂದರೆ, ಅಂಗಳದ ಬೇವಿನ ಮರದ ಕಾಗೆಗಳೂ ಎದ್ದು ಹೋಗಿದ್ದವು. ಈಗ ಬೆತ್ತ ಮೇಜಿನ ಮೇಲೆ ಬಿತ್ತು. ‘ಆಚಿ ದಂಡಿ ಕೂಗತೈತಿ’ ಅಂದರು ಹನ್ನೊಂದು ಜನ. ಬಿಸಿಲಿನಲ್ಲಿ ಕೂತವರ ಮೈಮೇಲೆ ತಣ್ಣೀರು ಸೋಕಿದ ಹಾಗಾಯಿತು. ನಾನು ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡೆ. ಬಾಯಿ ಹಿಡಿದುಕೊಳ್ಳಬೇಕಿತ್ತು.

“ಒನ್ಸ್ ಮೋರ್!”

ಯಾರ ಅಣಕವೂ ಅಲ್ಲ. ನನ್ನದೇ ಧ್ವನಿ. ನನ್ನದೇ ಧ್ವನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

ಹುಡುಗರು ಮಾಸ್ತರರ ಮುಖ ನೋಡಿದರು. ಮಾಸ್ತರರು ಗಡಿಯಾರ ನೋಡಿದರು. ನಿಯಮ ನಿಯಮವೇ, ತಲೆಯಾಡಿಸಿದರು. ಹುಡುಗರು ಮತ್ತೆ ಹಾಡಿದರು. ಯಾದಗಿರಿಯವನೊಬ್ಬ ರಸಿಕನಾದರೆ ಸುರಪುರದವರು ಸುಮ್ಮನಿದ್ದಾರೆಯೇ? ಹಿಂದಿನಿಂದ “ಒನ್ಸ್ ಮೋರ್!” ಗೋಡೆಯ ಮೇಲಿಂದ “ಒನ್ಸ್ ಮೋರ್!” ದೇವಾಪುರದಿಂದ ಬಂದ ಒಂದು ಗುಂಪಂತೂ ಸಾಲು ಮುಗಿಯುವ ಮೊದಲೇ ಕೂಗಿತು. ನಾನು ಎದ್ದು ನಿಂತು “ಸಾಕ್ರಿ, ಸುಮ್ನಿರ್ರಿ!” ಎಂದು ಕೈ ಬೀಸಿದೆ. ಅದನ್ನೂ ಮೆಚ್ಚುಗೆ ಅಂದುಕೊಂಡರು.

ಎರಡನೆಯ ನುಡಿ ಮುಗಿಯಿತು. ಮಾಸ್ತರರು ಸೀಮೆಸುಣ್ಣ ಕೈಗೆ ತೆಗೆದುಕೊಂಡರು. ಜವಾನ ಗಂಟೆ ಬಾರಿಸಿದ.

“ವ್ಯಾಳ್ಯಾ ಅಂದ್ರ ವ್ಯಾಳ್ಯಾ,” ಅಂದರು ಸಾಹೇಬರು. ಕಾಗದದ ಮೇಲೆ ಏನೋ ಗೀಚಿದರು. ಮಾಸ್ತರರು ಸೀಮೆಸುಣ್ಣವನ್ನು ಮೇಜಿನ ಮೇಲೆ ಇಡಲಿಲ್ಲ, ಜೇಬಿಗೆ ಹಾಕಿಕೊಂಡರು. ಹುಡುಗರು ನನ್ನ ಕಡೆ ನೋಡಲಿಲ್ಲ.

ಸುರಪುರದ ಓಣಿಗಳನ್ನೆಲ್ಲ ಮೂರು ಸಲ ಸುತ್ತಿದೆ. ಸಂಜೆ ಸಾಹೇಬರು ಇಳಿದಿದ್ದ ಬಂಗಲೆಗೆ ಹೋದೆ.

“ಯಾರಪಾ ನೀ?”

“ಒನ್ಸ್ ಮೋರ್ ಅಂದಾವ ನಾನ ರಿ.”

“ಹಂಗಾದ್ರ ಫೇಲಾದಾವ ನೀನ.” ಅವರು ಕನ್ನಡಕದ ಮೇಲಿಂದ ನೋಡಿದರು. “ನನ್ನ ಧ್ವನಿ ತಗಿತೀಯಂತಲ್ಲ? ತಗಿ ನೋಡೂಣು.”

ಜವಾನ ಕಂಬದ ಹಿಂದೆ ಸರಿದ. ತಪ್ಪಿಸಿಕೊಳ್ಳುವಂತಿರಲಿಲ್ಲ. ಇಲ್ಲದ ಗಡಿಯಾರ ತೆಗೆದು, ಇಲ್ಲದ ಕನ್ನಡಕದಿಂದ ನೋಡಿ, “ನೋಡ್ರಿ ಮಾಸ್ತರ” ಅಂದೆ.

“ನಾ ಇಷ್ಟ ಮೂಗಿನ್ಯಾಗ ಮಾತಾಡತೇನೇನು?”

“ಹೆದರಿ ಜರಾ ಕಮ್ಮಿನ ಮಾಡೇನ್ರಿ.”

ಅವರು ನಗಲಿಲ್ಲ. “ಛಲೋ. ಈಗ ಆ ಹುಡುಗರ ಮೂರನೇ ನುಡಿ ತಗಿ. ನಂಗ ಕೇಳಾಕ ಸಿಗಲಿಲ್ಲ.”

ಪ್ರಯತ್ನಿಸಿದೆ. ಅವ್ವ ಓಂಕಾಳು ಕುಡಿಸಲು ಓಡಿ ಬಂದಳಲ್ಲ, ಅದೇ ಸದ್ದು ಬಂತು. “ಆಗೂದಿಲ್ರಿ ಸಾಹೇಬ್ರ. ಒಂದ ಬಾಯಿಲೆ ಬರೂದಲ್ಲ ಅದು. ಅವ್ರ ಬೇಕು, ಅವ್ರ ಮಾಸ್ತರೂ ಬೇಕು. ಅವ್ರ ಬರೀತಾರ್ರಿ, ಖರೇನ ಬರೀತಾರ.”

ಸಾಹೇಬರು ಗಡಿಯಾರಕ್ಕೆ ಕೀಲಿ ಕೊಡುತ್ತ ಕೇಳಿದರು: “ಮುಂಜಾನಿ ನಿಮ್ಮ ಬಸ್ಸು ಎಷ್ಟಕ್ಕ?”

ಮರುದಿನ ಬೆಳಗ್ಗೆ ಬಸ್ಸಿನ ಹತ್ತಿರ ಸಾಹೇಬರು ನಡೆದು ಬರುವುದನ್ನು ಕಂಡು ಮಾಸ್ತರರು ರುಮಾಲು ಸರಿ ಮಾಡಿಕೊಂಡರು.

“ಮಾಸ್ತರ, ಒಂದ ನುಡಿ ಬಾಕಿ ಉಳದಿತ್ತಲ್ಲ?”

“ಹಲಗಿ ಇಲ್ರಿ…”

ಸಾಬಣ್ಣ ಬಸ್ಸಿನ ಬೆನ್ನು ತೋರಿಸಿದ. ನಮ್ಮ ರಸ್ತೆಗಳ ಪುಣ್ಯ, ಅದರ ಮೇಲೆ ಒಂದು ಬೆರಳು ದಪ್ಪ ಧೂಳು. ಸಾಬಣ್ಣ ಮೂರನೆಯ ನುಡಿ ಎತ್ತಿದ, ಹತ್ತು ಜನ ಹೊತ್ತುಕೊಂಡರು. ಮಾಸ್ತರರ ಬೆರಳು ಅಭ್ಯಾಸದಂತೆ ಬಲ ಅಂಚಿಗೆ ಹೋಯಿತು. ನಿಂತಿತು. ಬೆರಳು ಮೆಲ್ಲಗೆ ಎಡಕ್ಕೆ ಬಂದು ಶುರು ಮಾಡಿತು.

‘ನೀರಿನ ಮ್ಯಾಲ ಬರದರ ನೀರ ಓದಿ ಹೋಗತೈತಿ, ಹಲಗಿ ಮ್ಯಾಲ ಬರದರ ಊರ ಓದತೈತಿ.’

ಅಕ್ಷರಗಳು ಸೌತೆಕಾಯಿಯಷ್ಟು ದೊಡ್ಡವು, ಅಷ್ಟೇ ಸೊಟ್ಟ. ಆದರೆ ಬಸ್ಸಿಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಅವನ್ನು ಗಟ್ಟಿಯಾಗಿ ಓದಿದರು. ಸಾಹೇಬರೂ ಓದಿದರು. ಕಂಡಕ್ಟರ್ ಹೊರಗೆ ತಲೆ ಹಾಕಿದ. “ಸಾಹೇಬ್ರ, ಬಸ್ಸಿಗೂ ವ್ಯಾಳ್ಯಾ ಐತ್ರಿ.”

ಸಾಹೇಬರು ಗಡಿಯಾರವನ್ನು ಜೇಬಿಗೆ ಹಾಕಿ, ಮೂಗಿನಲ್ಲಿ ಹೇಳಿದರು: “ಒನ್ಸ್ ಮೋರ್.”

ಈಗ ನೀವು ಕೇಳುತ್ತೀರಿ: ಎಲ್ಲ ಸುಖವಾಯಿತಲ್ಲ, ಹುಡುಗರು ಮಾತು ಬಿಟ್ಟದ್ದು ಯಾಕೆ?

ಹದಿನೈದು ದಿನಕ್ಕೆ ಹುಕುಂ ಬಂತು. ಮೊದಲ ಸಾಲು: ಭೀಮರಾಯ ಮಾಸ್ತರರ ನೌಕರಿ ಖಾಯಂ. ನಾನು ಗಿರಣಿಯ ಹತ್ತಿ ಮೂಟೆಯ ಮೇಲೆ ಹತ್ತಿ ಕುಣಿದೆ. ಎರಡನೆಯ ಸಾಲನ್ನು ಇಳಿದ ಮೇಲೆ ಓದಿದೆ: ಸದರಿ ಮಾಸ್ತರರ ಹಾಡು ಬಹಳ ಮೆಚ್ಚುಗೆಯಾದ ಕಾರಣ ಅವರನ್ನು ಕೆಂಭಾವಿ ಶಾಲೆಗೆ ಬದ್ಲಿ ಮಾಡಿದೆ, ಅಲ್ಲಿಯೂ ಇಂಥದೇ ಒಂದು ಮೇಳ ಕಟ್ಟತಕ್ಕದ್ದು.

ಮಾಸ್ತರರು ಟ್ರಂಕು ಹೊತ್ತು ಬಸ್ಸು ಹತ್ತಿದ ದಿನ ಸಾಬಣ್ಣ ನನ್ನ ಮುಂದೆ ಬಂದು ನಿಂತ.

“ಒನ್ಸ್ ಮೋರ್ ಅಂದಾವ್ರು ನೀವು. ಬಂಗ್ಲೇಕ ಹೋದಾವ್ರು ನೀವು.”

“ಹೋಗ್ದಿದ್ರ ನೌಕರಿ ಹೋಗ್ತಿತ್ತಲ್ಲೋ ಸಾಬಣ್ಣಾ!”

“ಅದಕ್ಕ ಬೈಯಾಕತ್ತಿಲ್ಲ. ಬರೇ ಮಾತ ಬಿಟ್ಟೇವಿ.”

ತಡೆಯಲಾರದೆ ಮೊನ್ನೆ ಸಂತೆಯ ದಿನ ಕೆಂಭಾವಿಗೆ ಹೋಗಿಬಂದೆ. ಅಲ್ಲಿ ಹೊಳೆಯಿಲ್ಲ, ಹರಿಗೋಲಿಲ್ಲ. ಮಾಸ್ತರರು ಎಣ್ಣೆ ಡಬ್ಬಿಯ ಮೇಲೆ ತಾಳ ಹಾಕುತ್ತಿದ್ದಾರೆ. ಹನ್ನೊಂದು ಹೊಸ ಹುಡುಗರು ಹನ್ನೊಂದು ದಿಕ್ಕಿಗೆ ಹಾಡುತ್ತಿದ್ದಾರೆ. ಅವರನ್ನು ನಾನು ಒಂದೇ ಬಾಯಿಂದ ಸುಲಭವಾಗಿ ತೆಗೆಯಬಲ್ಲೆ. ಹಲಗೆಯ ಮೇಲೆ ಮಾತ್ರ ಅಕ್ಷರ ದುಂಡಗಾಗಿವೆ. “ಸಾಬಣ್ಣ ಹೆಂಗದಾನ?” ಅಂದರು ಮಾಸ್ತರರು. “ಹಾಡ್ತಾನೇನು?”

ಹಾಡುತ್ತಾನೆ. ನಿನ್ನೆ ಸಂಜೆ ದಂಡೆಯಲ್ಲಿ ಬೆತ್ತ ಅವನ ಕೈಯಲ್ಲಿತ್ತು. ತಾಳ ಹಾಕುವವನು ಧ್ವನಿ ಮೇಲೆ ಎತ್ತಲಾರ. ಮೂರನೆಯ ನುಡಿಗೆ ಹತ್ತು ಜನ ಕೆಳಗೆ ಕಾಯುತ್ತ ನಿಂತರು, ಮೇಲಿಂದ ಯಾರೂ ಬರಲಿಲ್ಲ. ನಾನು ದೂರದ ಹರಿಗೋಲಿನ ಹಿಂದೆ, ಬಾಯಿಗೆ ರುಮಾಲು ತುರುಕಿಕೊಂಡು ಕೂತಿದ್ದೆ. ಕಾಲು ಮಾತ್ರ ನಿಲ್ಲಲಿಲ್ಲ.

ಬದ್ಲಿ ಬೇಡವೆಂದು ನಾನೇ ಹೋಗಿ ಹೇಳಬಹುದು. ಆದರೆ ನಾನು ಬಾಯಿ ತೆರೆದರೆ ಏನಾಗುತ್ತದೆ ಎಂದು ಈಗಾಗಲೇ ಎರಡು ಸಲ ನೋಡಿಯಾಯಿತು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ: ಒನ್ಸ್ ಮೋರ್ ಅಂದರೆ ಅದೇ ಹಾಡು, ಅದೇ ಬಾಯಿ, ಅದೇ ದಂಡೆ ಎಂದು ಸಾಹೇಬರ ಕಚೇರಿಗೆ ಹೋಗಿ ಮೆಲ್ಲಗೆ ಹೇಳಿಬರುವವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?