ಸಿಳ್ಳೆ ನಿಲ್ಲಿಸಿದ ಆಯಿ

ಆಯಿಯ ಮುಂದಿನ ಎರಡು ಹಲ್ಲುಗಳ ನಡುವೆ ಜೋಳದ ಕಾಳು ತೂರುವಷ್ಟು ಸಂದಿ ಇತ್ತು. ಆ ಸಂದಿಗೆ ನಾಲಿಗೆ ಒತ್ತಿ ಸಿಳ್ಳೆ ಹಾಕಿದಳೆಂದರೆ ಹೊಲದಾಚೆ ಮೇಯುತ್ತಿದ್ದ ಕುರಿಗಳೆಲ್ಲ ಒಮ್ಮೆಲೇ ತಲೆ ಎತ್ತುತ್ತಿದ್ದವು. ಕೊಂಕಲ್ ಊರಿನ ಕುರಿಗಾರರ ಮನೆಯ ಹಿರಿಯಳು ಅವಳು. ಊರೆಲ್ಲ ಆಯಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ನಾನು ಪಶುವೈದ್ಯೆ, ವರ್ಷಗಟ್ಟಲೆ ಓದಿ ಪದವಿ ತಂದವಳು. ಆದರೂ ನಿನ್ನ ಗುರು ಯಾರು ಎಂದು ಯಾರಾದರೂ ಕೇಳಿದರೆ ಅಕ್ಷರ ಬಾರದ ಈ ಹೆಂಗಸನ್ನೇ ಮೊದಲು ಹೇಳುತ್ತೇನೆ. ಹೇಳುವಾಗ ಎದೆ ಸ್ವಲ್ಪ ಉಬ್ಬುತ್ತದೆ. ಉಬ್ಬಲಿ.

ಆಕೆ ಮೊದಲು ಬಂದದ್ದು ಶಹಾಪುರದ ನನ್ನ ಚಿಕ್ಕ ಕ್ಲಿನಿಕ್ಕಿಗೆ, ಟಂಟಂ ಆಟೋದಲ್ಲಿ. ಕಂಬಳಿಯ ಮೇಲೆ ದೊಡ್ಡ ಕರಿ ನಾಯಿ ಮಲಗಿತ್ತು. ಹಿಂದಿನ ದಿನ ಟ್ರ್ಯಾಕ್ಟರಿನಿಂದ ಜಿಗಿದು ಒಮ್ಮೆ ಕಿರುಚಿತಂತೆ. ಬೆಳಗಾಗುವಷ್ಟರಲ್ಲಿ ಹಿಂಗಾಲುಗಳೆರಡೂ ಸೋತು ಮೈ ಎಳೆದುಕೊಂಡು ತೆವಳುತ್ತಿತ್ತು. ಅದು ಆ ಹಿಂಡಿನ ಕಾವಲು ನಾಯಿ. ಅದಿರುವ ಕಡೆ ತೋಳ ಸುಳಿಯುತ್ತಿರಲಿಲ್ಲ.

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತನೆಯ ಗಾದಿಗಳಿರುತ್ತವೆ. ಅಂಥದ್ದೊಂದು ಜಾರಿ ನರವನ್ನು ಒತ್ತಿತ್ತು. ಹಿಂಗಾಲಿನ ಬೆರಳನ್ನು ಬಲವಾಗಿ ಚಿವುಟಿದೆ. ನಾಯಿ ಹೊರಳಿ ನನ್ನನ್ನು ಗುರ್ರೆಂದು ನೋಡಿತು. ನೋವು ಗೊತ್ತಾಗುತ್ತಿದೆ ಎಂದರೆ ಆಸೆ ಇದೆ, ಇದು ನಾನು ಓದಿದ್ದೇ. ಆದರೆ ವಾರಗಟ್ಟಲೆ ಅಲುಗದಂತೆ ಇಡಬೇಕು, ಹೊತ್ತು ಹೊತ್ತಿಗೆ ಮೂತ್ರ ಒತ್ತಿ ತೆಗೆಯಬೇಕು, ಮೈ ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು. ಕುರಿ ಕಾಯುವವರಿಂದ ಇದೆಲ್ಲ ಎಲ್ಲಿ ಆದೀತು ಎಂದು ನಾನೇ ತೀರ್ಮಾನಿಸಿಬಿಟ್ಟೆ. “ಸುಮ್ಮನೆ ನರಳಿಸೋದು ಬೇಡ ಆಯಿ. ಒಂದು ಇಂಜೆಕ್ಷನ್ ಕೊಡ್ತೀನಿ, ನಿದ್ದೆಯಲ್ಲೇ ಹೋಗ್ಬಿಡುತ್ತೆ” ಎಂದೆ.

ಆಕೆ ಸಿಟ್ಟಾಗಲಿಲ್ಲ. ನನ್ನ ಮುಖ ನೋಡಿ, “ನೀವು ಮಾಡೂದೇನದ ಅಷ್ಟು ಹೇಳ್ರಿ ಬಾಯಾರ. ಏಳ್ತದೋ ಇಲ್ಲೋ, ಅದನ್ನ ನಾಯಿ ಹೇಳ್ತದ” ಎಂದಳು.

ನಾಚಿಕೆಯಾಗಿ ಎಲ್ಲವನ್ನೂ ಹೇಳಿದೆ, ಗುಳಿಗೆ ಕೊಟ್ಟೆ. ಮೂತ್ರಕೋಶ ಎಲ್ಲಿದೆ ಎಂದು ಅವಳ ಕೈ ಹಿಡಿದು ತೋರಿಸಿದೆ. ನನಗೆ ಕಲಿಯಲು ತಿಂಗಳುಗಳು ಹಿಡಿದ ಕೆಲಸ ಆಕೆಗೆ ಎರಡನೇ ಸಲಕ್ಕೇ ಬಂತು. “ಆಡಿನ ಕೆಚ್ಚಲ ಇದ್ದಂಗ ಅದರೀ ಇದು. ಜೋರ ಮಾಡಿದ್ರ ಕೊಡಂಗಿಲ್ಲ” ಎಂದು ಉಲ್ಟಾ ನನಗೇ ಪಾಠ ಹೇಳಿದಳು.

ಕುರಿಮರಿ ಕೂಡಿಹಾಕುವ ಬಿದಿರಿನ ಗೂಡನ್ನು ಬೇವಿನ ಮರದಡಿ ಇಟ್ಟು ನಾಯಿಯನ್ನು ಅದರೊಳಗೆ ಮಲಗಿಸಿದಳು. ಬೆನ್ನಿಗೆ ಬರೆ ಹಾಕಿದರೆ ಏಳುತ್ತದೆ ಎಂದು ಹಿರಿಯರು ಕಬ್ಬಿಣದ ಸಲಾಕೆ ಹಿಡಿದೇ ಬಂದರಂತೆ. ಆಕೆ ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತು, “ಬರೆ ಕೊಟ್ರ ಕೊಟ್ಟಾವಗ ಸಮಾಧಾನ ಆಗ್ತದ. ನಾಯಿಗೇನಾಗ್ತದ?” ಎಂದು ಕೇಳಿದಳಂತೆ. ಬಂದವರು ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗಿದರು.

ಮೂರನೇ ವಾರ ನಾನು ಹೋದಾಗ ನಾಯಿ ಗೂಡಿನೊಳಗೇ ನಡುಗುತ್ತಾ ನಾಲ್ಕು ಕಾಲಿನ ಮೇಲೆ ನಿಂತಿತ್ತು. ನನಗೂ ಆಕೆಗೂ ಹಬ್ಬವೇ. ಅಷ್ಟರಲ್ಲಿ ಹಿಂಡು ಪಕ್ಕದವರ ತೊಗರಿಗೆ ನುಗ್ಗಿತು. ಜನ್ಮದ ರೂಢಿ, ಆಯಿ ಸಿಳ್ಳೆ ಹಾಕಿಬಿಟ್ಟಳು. ಆ ಸಿಳ್ಳೆಗೆ ಓಡುವುದೇ ನಾಯಿಯ ಕೆಲಸವಾಗಿತ್ತಲ್ಲ, ಚಂಗನೆ ಜಿಗಿಯಿತು. ಬಿದಿರಿಗೆ ಬಡಿದು ಬಿತ್ತು. ಬಿದ್ದದ್ದು ಮತ್ತೆ ಏಳಲಿಲ್ಲ.

ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ನಾನು ಬೆರಳು ಚಿವುಟಿದೆ. ಬಹಳ ಹೊತ್ತಿನ ಮೇಲೆ ನಾಯಿ ಕಾಲನ್ನು ತುಸು ಎಳೆದುಕೊಂಡಿತು. ಆಸೆ ಉಳಿದಿತ್ತು, ಆದರೆ ವಿಶ್ರಾಂತಿಯ ಎಣಿಕೆ ಮತ್ತೆ ಮೊದಲ ದಿನದಿಂದ.

“ತಪ್ಪ ನಂದು” ಎಂದಳು. ಅವತ್ತಿನಿಂದ ಆಯಿ ಸಿಳ್ಳೆ ಹಾಕಲಿಲ್ಲ. ಅರವತ್ತು ದಾಟಿದ ಹೆಂಗಸು ಕೋಲು ಹಿಡಿದು, ಬಾಯಿ ಬಿಗಿದು, ದಾರಿ ತಪ್ಪಿದ ಒಂದೊಂದು ಕುರಿಯ ಹಿಂದೆಯೂ ತಾನೇ ಓಡಿದಳು. ಮಗನಿಗೂ ಸಿಳ್ಳೆ ಹಾಕಲು ಬಿಡಲಿಲ್ಲ. ಊರವರು ರೇಗಿಸಿದರು: “ಯಾಕ ಆಯಿ, ಹಲ್ಲ ಉದುರ್‍ಯಾವೇನು?”

“ಹಲ್ಲ ಅದಾವ. ನಾಯಿ ಕೇಳ್ಲಾಕತ್ತದ.”

ನಾಯಿಗೆ ವಿಶ್ರಾಂತಿ ಬೇಕೆಂದು ನಾವು ಚೀಟಿಯಲ್ಲಿ ಸಲೀಸಾಗಿ ಬರೆದುಕೊಡುತ್ತೇವೆ. ಆ ವಿಶ್ರಾಂತಿಗಾಗಿ ಮನೆಯವರು ತಮ್ಮ ಯಾವ ರೂಢಿಯನ್ನು ಬಿಡಬೇಕು ಎಂದು ಕೇಳಬೇಕೆಂಬುದು ನನಗೆ ಹೊಳೆದದ್ದು ಆಕೆ ಏದುಸಿರು ಬಿಡುತ್ತಾ ಕುರಿ ಮರಳಿಸುವುದನ್ನು ಕಂಡಾಗಲೇ. ಇವತ್ತಿಗೂ ಔಷಧಿಗಿಂತ ಮೊದಲು ಅದನ್ನೇ ಕೇಳುತ್ತೇನೆ.

ಮತ್ತೆ ಕಾಲಿಗೆ ಕಸುವು ಬಂದ ಮೇಲೆ ಕಂಬಳಿಯನ್ನು ಉದ್ದಕ್ಕೆ ಮಡಚಿ, ನಾಯಿಯ ಹೊಟ್ಟೆಯಡಿ ಹಾಯಿಸಿ, ಎರಡೂ ತುದಿಗಳನ್ನು ಮೇಲೆತ್ತಿ ಹಿಡಿದು ನಡೆಸಿದಳು. ಮೊದಲ ದಿನ ಹತ್ತು ಹೆಜ್ಜೆ. ಕಾಲುವೆಗೆ ನೀರು ಬಿಟ್ಟಾಗ ಹೊಲಗಾಲುವೆಯ ಮೊಣಕಾಲುದ್ದ ನೀರಿಗೆ ನಾಯಿಯನ್ನು ಇಳಿಸಿ, ತಾನೂ ಸೀರೆ ಎತ್ತಿಕಟ್ಟಿ ಇಳಿದಳು. ನೀರಿನಲ್ಲಿ ಮೈಭಾರ ಕಡಿಮೆಯಾಗಿ ಕಾಲುಗಳು ತಾವೇ ಆಡತೊಡಗಿದವು. “ದವಾಖಾನಿ ಕಟ್ಟಿಸಿಬಿಟ್ಟೆಲ್ಲ ಆಯಿ ಇಲ್ಲೇ” ಎಂದೆ. “ನೀವೇ ಇಲ್ಲಿ ಬಂದು ನೌಕರಿ ಮಾಡ್ರಿ ಮತ್ತ” ಎಂದಳು.

ಸೊಂಟ ಸ್ವಲ್ಪ ಓಲಿದರೂ ನಾಯಿ ಯಾರ ಆಸರೆಯೂ ಇಲ್ಲದೆ ನಡೆಯತೊಡಗಿತು. ಇನ್ನು ಸಿಳ್ಳೆ ಹಾಕಬಹುದು ಎಂದು ನಾನು ಹೇಳಿದ ಮೇಲೂ ಆಕೆ ಎರಡು ವಾರ ಹಾಕಲಿಲ್ಲ. ಕಡೆಗೆ ಒಂದು ಬೆಳಿಗ್ಗೆ ನನ್ನೆದುರೇ ಹಾಕಿದಳು. ಕುರಿಗಳು ತಲೆ ಎತ್ತಿದವು. ನಾಯಿ ಒಂದು ಕಾಲೂರಿ, ಇನ್ನೊಂದು ಊರಿ, ಅವಸರವಿಲ್ಲದೆ ಎದ್ದು ಹಿಂಡಿನ ಅಂಚಿಗೆ ಹೋಗಿ ನಿಂತಿತು. ಆಯಿ ನಕ್ಕಳು. ನಾನು ಅತ್ತೆ, ಸುಳ್ಳೇಕೆ ಹೇಳಲಿ.

ಹೋದ ವರ್ಷ ಆಕೆ ತೀರಿಕೊಂಡಳು. ಸುದ್ದಿ ತಿಳಿದು ಹೋದೆ. ಅಂಗಳದ ತುಂಬ ಜನ. ನನ್ನನ್ನು ಕಂಡ ಮಗ, “ಹಾದಿ ಬಿಡ್ರಿ, ನಾಯಿ ಎಬ್ಬಿಸಿದ ಡಾಕ್ಟರ ಬಾಯಾರ ಬಂದಾರ” ಎಂದ. ನಾನು ಅಲ್ಲೇ ನಿಂತುಬಿಟ್ಟೆ. ಸೂಜಿ ಕೊಟ್ಟು ಮುಗಿಸೋಣ ಎಂದಿದ್ದೆನಲ್ಲ, ಆ ಮಾತನ್ನು ಆಕೆ ಹೊಟ್ಟೆಯ ಮಗನಿಗೂ ಹೇಳಿರಲಿಲ್ಲ.

ಸುಮ್ಮನಿರಲಾಗಲಿಲ್ಲ. ಆ ದಿನ ನಾನು ಆಡಿದ್ದನ್ನು ಎಲ್ಲರೆದುರು ಹೇಳಿದೆ. ಎಬ್ಬಿಸಿದವಳು ಆಯಿ, ನಾನಲ್ಲ ಎಂದೆ.

“ಇರಬಹುದ್ರಿ. ಖರೇ ನಮ್ಮವ್ವ ನಾಕ ಊರಾಗ ನಿಮ್ಮ ಹೆಸರೇ ಹೇಳ್ಯಾಳ. ಆಕಿ ಮಾತ ನಾವು ತೆಗೆದುಹಾಕಂಗಿಲ್ಲ” ಎಂದ ಮಗ.

ಸುರಪುರದಿಂದ, ಯಾದಗಿರಿಯಿಂದ, ಬಳಿಚಕ್ರದಿಂದ ಈಗಲೂ ಕಾಲು ಸೋತ ನಾಯಿಗಳನ್ನು ಹೊತ್ತು ನನ್ನಲ್ಲಿಗೆ ಬರುತ್ತಾರೆ. ಆಕೆ ಹೇಳಿದ ಡಾಕ್ಟರ್ ನಾನು ಅಂದು ಆಗಿರಲಿಲ್ಲ. ಆಗಬೇಕೆಂದು ದಿನವೂ ಬಾಗಿಲು ತೆರೆಯುತ್ತೇನೆ.