ಶಿವಸ್ವಾಮಿ ಸಾರ್ ಬರೆಯದ ಲೇಖನ

ಶಿವಸ್ವಾಮಿ ಸಾರ್ ಯಾವ ಸಂಶೋಧನಾ ಲೇಖನವನ್ನೂ ಮೊದಲ ಪುಟದಿಂದ ಓದಿದವರಲ್ಲ. ನೇರವಾಗಿ ಕೊನೆಗೆ ಹೋಗಿ ಆಕರಗಳ ಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದರು. ತಮ್ಮ ಹೆಸರು ಸಿಕ್ಕಿದರೆ "ವಿಷಯ ತಿಳ್ಕೊಂಡಿದಾನೆ" ಎನ್ನುವರು, ಸಿಗದಿದ್ದರೆ "ಆಳ ಸಾಲ್ದು."

ಎಲೆಕ್ಟ್ರಾನಿಕ್ ಸಿಟಿಯ ಹಿಂಭಾಗದ ಮ್ಯಾನೇಜ್‌ಮೆಂಟ್ ಕಾಲೇಜೊಂದರಲ್ಲಿ ಅವರು ನನ್ನ ಪಿಎಚ್‌ಡಿ ಗೈಡ್. ವಿಷಯ ಓಪನ್ ಇನ್ನೋವೇಶನ್. ಅಂದರೆ ಕಂಪನಿಗಳು ಬಾಗಿಲು ಹಾಕಿಕೊಂಡು ಕೂರದೆ ಹೊರಗಿನವರ ಬುದ್ಧಿಯನ್ನು ಬಳಸಿಕೊಳ್ಳುವುದು, ತಮ್ಮದನ್ನೂ ಹೊರಗೆ ಹಂಚುವುದು. ಇದನ್ನು ಬೋಧಿಸುವ ಸಾರ್ ತಮ್ಮ ಸ್ಲೈಡುಗಳಿಗೆ ಪಾಸ್‌ವರ್ಡ್ ಹಾಕಿಡುತ್ತಿದ್ದರು. "ಗಾಳಿ ಬಂದಾಗ ತೂರ್ಕೋಬೇಕು ಕಣಮ್ಮ" ಎನ್ನುತ್ತ ನನ್ನ ಪ್ರಬಂಧದ ಶೀರ್ಷಿಕೆಗೆ ಒಂದು ವರ್ಷ 'ಡಿಜಿಟಲ್' ಸೇರಿಸಿದರು, ಮರುವರ್ಷ ಅದನ್ನು ಕಿತ್ತು 'ಸುಸ್ಥಿರ', ಆಮೇಲೆ ಎಐ. ಒಳಗಿನ ಹೂರಣ ಮಾತ್ರ ಇದ್ದ ಹಾಗೇ ಇತ್ತು.

ಈ ಕ್ಷೇತ್ರದಲ್ಲಿ ಯಾರು ಯಾರನ್ನು ಉಲ್ಲೇಖಿಸಿದ್ದಾರೆಂದು ನಕ್ಷೆ ಬಿಡಿಸುವುದು ನನ್ನ ಕೆಲಸ. ಹೆಚ್ಚು ಉಲ್ಲೇಖವಾದ ಲೇಖನಕ್ಕೆ ದೊಡ್ಡ ವೃತ್ತ, ಉಲ್ಲೇಖಿಸಿದ ಲೇಖನಗಳಿಂದ ಅದಕ್ಕೆ ಗೆರೆ. ಸಣ್ಣ ಕೈಗಾರಿಕೆಗಳ ಭಾಗದಲ್ಲಿ ನಟ್ಟನಡುವೆ ಕುಂಬಳಕಾಯಿಯಂಥ ವೃತ್ತವೊಂದು ಎದ್ದಿತು: ಪೀಣ್ಯದ ವರ್ಕ್‌ಶಾಪುಗಳ ಬಗ್ಗೆ ನಮ್ಮ ಸಾರ್ ಬರೆದ ಲೇಖನ. ಅದನ್ನೊಮ್ಮೆ ಓದೋಣವೆಂದು ಹುಡುಕಿದೆ. ಎಲ್ಲೂ ಸಿಗಲಿಲ್ಲ. ಕೊನೆಗೆ ಅವರನ್ನೇ ಕೇಳಿದೆ.

ಸಾರ್ ಕನ್ನಡಕ ತೆಗೆದರು. "ಬರ್ದೇ ಇಲ್ಲ ಕಣಮ್ಮ. ಬರೀಬೇಕು ಅಂತಿದ್ದೆ. ಅಷ್ಟ್ರಲ್ಲಿ ಇನ್ನೊಂದು ಲೇಖನದ ಕೊನೇಲಿ ಅದು ಅಚ್ಚಿನಲ್ಲಿದೆ ಅಂತ ಹಾಕ್ಬಿಟ್ಟೆ. ಒಬ್ಬ ಎತ್ಕೊಂಡ, ಅವನನ್ನ ನೋಡಿ ಇನ್ನೊಬ್ಬ. ಎಲ್ರೂ ಹೊಗಳೋಕೆ ಶುರು ಮಾಡಿದ್ಮೇಲೆ ಇಲ್ಲ ಅನ್ನೋಕೆ ನಾಚಿಕೆ ಆಯ್ತು."

ಆ ವೃತ್ತ ತೆಗೆದರೆ ಅದಕ್ಕೆ ಸೇರಿದ ಗೆರೆಗಳೂ ಹೋಗಿ ನನ್ನ ಐದು ವರ್ಷದ ಕೆಲಸ ಕುಸಿಯುತ್ತಿತ್ತು. ಮೇಲಾಗಿ ನನ್ನ ಪರೀಕ್ಷಕರಿಬ್ಬರೂ ಆ ಲೇಖನದ ಒಳನೋಟವನ್ನು ಕೊಂಡಾಡಿದವರೇ.

"ಈಗಲಾದ್ರೂ ಬರೆದ್ಬಿಡಿ ಸಾರ್" ಎಂದೆ. ನಮ್ಮ ಮನೆ ಪೀಣ್ಯಕ್ಕೆ ಹತ್ತಿರದ ಬಾಗಲಗುಂಟೆಯಲ್ಲಿ. ಪೀಣ್ಯದಲ್ಲಿ ಲೇತ್ ಇಟ್ಟುಕೊಂಡಿದ್ದ ಗಂಗಣ್ಣ ನಮ್ಮ ಪಕ್ಕದ ಮನೆಯವರು. ಅವರ ಶೆಡ್ಡಿಗೆ ಸಾರ್ ಅವರನ್ನು ಕರೆದೊಯ್ದೆ. ಪೀಣ್ಯದ ತಜ್ಞರೆಂದು ಊರೂರಲ್ಲಿ ಭಾಷಣ ಮಾಡಿದವರು ಅಲ್ಲಿ ಕಾಲಿಟ್ಟಿದ್ದು ಅಂದೇ ಮೊದಲು. "ಪ್ರತಿಸ್ಪರ್ಧಿಗಳ ಜೊತೆ ಜ್ಞಾನ ವಿನಿಮಯ ಮಾಡ್ತೀರಾ?" ಎಂದು ಗಂಭೀರವಾಗಿ ಕೇಳಿದರು.

"ಅಂಗಂದ್ರೇನು ಸಾರ್?" ಎಂದರು ಗಂಗಣ್ಣ. "ಎದುರು ಶೆಡ್ನೋನಿಗೆ ಅಳತೆ ಕೂರ್ತಿರ್ಲಿಲ್ಲ, ಓಗಿ ತೋರಿಸ್ಕೊಟ್ಟು ಬಂದೆ. ಕಾಲೇಜ್ನಾಗೆ ಇದನ್ನೂ ಓದ್ತಾರಾ?"

ಸಾರ್ ಮನಸಾರೆ ನಕ್ಕರು. ಎಣ್ಣೆ ಮೆತ್ತಿದ ಸ್ಟೂಲಿನ ಮೇಲೆ ಕೂತು ಸಂಜೆಯವರೆಗೆ ಬರೆದುಕೊಂಡರು. ಆಮೇಲೂ ಎಷ್ಟೋ ಸಲ ಒಬ್ಬರೇ ಹೋಗಿಬಂದರು. ಕೊನೆಗೂ ಮುಗಿಸಿದ ಆ ಲೇಖನದಷ್ಟು ಸರಳವಾದ, ಪ್ರಾಮಾಣಿಕವಾದ ಬರಹವನ್ನು ಈ ಕ್ಷೇತ್ರದಲ್ಲಿ ನಾನು ಓದಿಯೇ ಇಲ್ಲ. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಆಗ.

ಅದನ್ನು ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿದರು. ಅಲ್ಲಿ ಲೇಖಕರ ಹೆಸರು ಮುಚ್ಚಿ ವಿಮರ್ಶಕರಿಗೆ ಕೊಡುತ್ತಾರೆ. ಉತ್ತರ ಬಂತು: 'ಈ ಮಾತನ್ನು ಪ್ರೊ. ಶಿವಸ್ವಾಮಿಯವರು ಬಹಳ ಹಿಂದೆಯೇ ಇದಕ್ಕಿಂತ ಆಳವಾಗಿ ಹೇಳಿದ್ದಾರೆ. ಲೇಖಕರು ಅವರನ್ನು ಸರಿಯಾಗಿ ಓದಿಕೊಂಡಂತಿಲ್ಲ. ತಿರಸ್ಕೃತ.'

ಸಾರ್ ಅದನ್ನು ಎರಡು ಸಲ ಓದಿದರು. "ನಿನ್ನ ನಕ್ಷೆಯಿಂದ ಆ ವೃತ್ತ ತೆಗೆದ್ಬಿಡು. ನನ್ನ ಹೆಸರು ಹೋದ್ರೆ ಹೋಗ್ಲಿ, ಪರೀಕ್ಷಕರಿಗೆ ನಾನೇ ಹೇಳ್ತೀನಿ" ಎಂದರು. ನಾನು ಹೂಂ ಎಂದೆ.

ಅವರು ನಿವೃತ್ತರಾಗುವ ದಿನ ಪ್ರಬಂಧವನ್ನು ಸಹಿಗೆ ಒಯ್ದೆ. ಸಾರ್ ನಕ್ಷೆಯ ಪುಟ ತೆರೆದರು. ವೃತ್ತ ಅಲ್ಲೇ ಇತ್ತು. ಅವರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಅವರು ಸಹಿ ಹಾಕಿ, "ಒಳ್ಳೇದಾಗ್ಲಿ" ಎಂದರು.

ಪರೀಕ್ಷಕರಿಗೆ ಅವರು ಹೇಳಲೂ ಇಲ್ಲ, ನನಗೆ ಡಾಕ್ಟರೇಟ್ ಬಂತು. ಅವರ ಮನೆಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ.